ತತ್ತಿ ಫಕ್ಕೀರವ್ವನ ಹಿಂದಿನ ಗಾಲಿ

ನಾನು ಒಂದು ಗಾಲಿ. ಮೋಟರ್‌ಸೈಕಲ್ಲಿನ ಹಿಂದಿನ ಗಾಲಿ, ಅದರಲ್ಲೂ ಕಡ್ಡಿ ಗಾಲಿ. ಈಗಿನ ಅಲಾಯ್ ಗಾಲಿಗಳನ್ನು ಅಚ್ಚಿಗೆ ಹೊಯ್ದು ಇಡ್ಲಿ ತೆಗೆದಂತೆ ತೆಗೆಯುತ್ತಾರಲ್ಲ, ನಾನು ಹಾಗೆ ಬಂದವನಲ್ಲ. ಹೊರಗೆ ಒಂದು ಉಕ್ಕಿನ ಬಳೆ, ನಡುವೆ ಒಂದು ಗುಂಬ, ಎರಡನ್ನೂ ಹಿಡಿದು ಜಗ್ಗುವ ಮೂವತ್ತಾರು ಕಡ್ಡಿಗಳು. ಇಷ್ಟೂ ಮಂದಿ ಒಪ್ಪಿ ನಡೆದರೆ ನಾನು ಗಾಲಿ. ನಾಲ್ಕು ಜನ ಮುನಿಸಿಕೊಂಡರೆ ನನ್ನ ನಡಿಗೆ ಕೆಟ್ಟಿತೆಂದೇ ಲೆಕ್ಕ. ನನ್ನ ಬಾಳಿನ ಸುಖ ದುಃಖವೆಲ್ಲ ಅಲ್ಲೇ ಇರುವುದರಿಂದ ಇದನ್ನು ಮೊದಲೇ ಹೇಳಿಬಿಟ್ಟೆ.

ಹುಟ್ಟಿದ್ದು ದೂರದ ಲುಧಿಯಾನದಲ್ಲಿ, ಬೋರ್ಡು ಕೂಡ ಇಲ್ಲದ ಒಂದು ತಗಡಿನ ಶೆಡ್ಡಿನಲ್ಲಿ. ಉಕ್ಕಿನ ಪಟ್ಟಿಯನ್ನು ಬಾಗಿಸಿ, ತುದಿಗೆ ತುದಿ ಬೆಸೆದು, ತೂತು ಹೊಡೆದು, ಕ್ರೋಮಿನ ತೊಟ್ಟಿಯಲ್ಲಿ ಮುಳುಗಿಸಿ ಎತ್ತಿದರು. ಅಬ್ಬಬ್ಬಾ, ಆಗ ನನ್ನ ಹೊಳಪು ನೋಡಬೇಕಿತ್ತು! ಕಡ್ಡಿ ಕಟ್ಟುವವನು ಒಳ್ಳೆಯವನೇ, ಆದರೆ ನನ್ನ ಸರದಿ ಬಂದಾಗ ಊಟದ ಗಂಟೆ ಬಾರಿಸಿತು. ಕೊನೆಯ ಒಂದಿಷ್ಟು ಕಡ್ಡಿಗಳನ್ನು ಅರೆಬರೆ ಬಿಗಿದು ಎದ್ದು ಹೋದ. ಹಸಿದವನ ಮೇಲೆ ಸಿಟ್ಟು ಮಾಡುವುದು ಹೇಗೆ? ಹಾಗೇ ನನ್ನನ್ನು ಮುಂದಿನ ಗಾಲಿಯೊಂದಿಗೆ ಜೋಡಿ ಮಾಡಿ ಲಾರಿಗೆ ಏರಿಸಿದರು.

ಗದಗಿನಲ್ಲಿ ಕುಬೇರಪ್ಪ ಎಂಬುವರ ಬಿಡಿಭಾಗಗಳ ಅಂಗಡಿ. ಅಲ್ಲಿ ಚಾವಣಿಯ ಕೊಕ್ಕೆಗೆ ನನ್ನನ್ನು ತೂಗುಹಾಕಿದರು. ನನ್ನ ಮೈಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ. ಬಂದವರೆಲ್ಲ ಕತ್ತೆತ್ತಿ ನೋಡಿ, ಮೂಗು ಮುರಿದು, "ಏ, ಡುಪ್ಲಿಕೇಟ್ ಮಾಲ್ ಬಿಡೋ" ಎನ್ನುತ್ತಿದ್ದರು. ಯಾರ ಡುಪ್ಲಿಕೇಟು ಸ್ವಾಮಿ? ನನ್ನಂತೆ ಇನ್ನೊಬ್ಬ ಇದ್ದರೆ ತಾನೆ ನಾನು ಅವನ ನಕಲು! ಬಾಯಿ ಇಲ್ಲದವನು ಏನು ಮಾಡಲಿ, ಕೊಕ್ಕೆಯಲ್ಲೇ ಉರಿದುಕೊಳ್ಳುತ್ತಿದ್ದೆ. ಎದುರಿನ ಗಾಜಿನ ಕಪಾಟಿನಲ್ಲಿ ಕೆಂಪು ಪಟ್ಟಿಯ ಕರಿ ಅಲಾಯ್ ಗಾಲಿಗಳು ಮದುಮಕ್ಕಳ ಹಾಗೆ ಕುಳಿತು ನನ್ನನ್ನು ನೋಡುತ್ತಿದ್ದವು.

ಅಂಥ ಒಂದು ಮಧ್ಯಾಹ್ನ ಫಕ್ಕೀರವ್ವ ಬಂದಳು. ಒಡೆದ ಅಲಾಯ್ ಗಾಲಿಯೊಂದನ್ನು ಕೂಸಿನ ಹಾಗೆ ಸೊಂಟದ ಮೇಲೆ ಎತ್ತಿಕೊಂಡು, ಗಜೇಂದ್ರಗಡದಿಂದ ಬಸ್ಸಿನಲ್ಲಿ ಬಂದಿದ್ದಳು. ಗಾಲಿಗೂ ಟಿಕೆಟ್ ತಗೋ ಅಂದ ಕಂಡಕ್ಟರನನ್ನು ದಾರಿಯುದ್ದಕ್ಕೂ ಬೈದದ್ದು ಸಾಲದೆ, ಅಂಗಡಿಗೆ ಬಂದ ಮೇಲೂ ಬೈಯುತ್ತಿದ್ದಳು. ಹಿಂದೆ ಅವಳ ಗಂಡ ಕಳಕಪ್ಪ, ಕೈಯಲ್ಲೊಂದು ತತ್ತಿಯ ಡಬ್ಬಿ. ಗದಗಿನಲ್ಲಿರುವ ಅಕ್ಕನ ಮನೆಗೆಂದು ತಂದ ತತ್ತಿ ಅವು. ತತ್ತಿ ಅಂದರೆ ಮೊಟ್ಟೆ. ನಮ್ಮ ಕಡೆ ಹಾಗೇ ಅನ್ನುವುದು.

ಈ ಫಕ್ಕೀರವ್ವ ಯಾರೆಂದು ಹೇಳಬೇಕು. ಮೊದಲು ಅವಳು ನೇಕಾರರ ಮನೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಂಡಕಿಗೆ, ಅಂದರೆ ಲಾಳಿಯೊಳಗಿನ ಕೊಳವೆಗೆ, ನೂಲು ಸುತ್ತುವ ಕೂಲಿಯವಳು. ಕಳಕಪ್ಪ ಮಗ್ಗ ನೇಯುವವನು, ಸೋಮವಾರ ಸೋಮವಾರ ಭಜನಾ ಮೇಳದಲ್ಲಿ ತಬಲಾ ಬಾರಿಸುವವನು. ಅವನ ಮೋಟರ್‌ಸೈಕಲ್ಲು ಇಡೀ ದಿನ ಮನೆಯ ಮುಂದೆ ಸುಮ್ಮನೆ ನಿಂತಿರುತ್ತಿತ್ತು. "ನಿಂತ ಕುದುರಿಗೆ ಹುಲ್ಲು ಯಾಕ" ಎಂದು ಫಕ್ಕೀರವ್ವ ಅದನ್ನು ಹೊಡೆಯಲು ಕಲಿತಳು. ತತ್ತಿ ಡಿಪೋದ ತುಳಜಾಸಾ ಸಾವಕಾರರ ಹತ್ತಿರ ಹೋಗಿ, ಎಲ್ಲರೂ ಒಲ್ಲೆ ಎಂದಿದ್ದ, ಗುಡ್ಡದ ಹಳ್ಳಿಗಳಿಗೆ ತತ್ತಿ ಮುಟ್ಟಿಸುವ ಲೈನ್ ಹಿಡಿದಳು. ಕ್ಯಾರಿಯರಿಗೆ ಹಲಗೆ ಬಿಗಿದು, ಅದರ ಮೇಲೆ ತತ್ತಿಯ ಟ್ರೇಗಳ ಗೋಪುರ ಕಟ್ಟಿ, ಟ್ಯೂಬಿನ ರಬ್ಬರಿನಿಂದ ಸುತ್ತಿ, ಕಚ್ಚೆ ಸೀರೆಯಲ್ಲಿ ಅವಳು ಗುಡ್ಡ ಏರುವುದನ್ನು ನೋಡಿ ಊರು ಮೊದಲು ನಕ್ಕಿತು, ಆಮೇಲೆ ತತ್ತಿ ಫಕ್ಕೀರವ್ವ ಎಂದು ಹೆಸರಿಟ್ಟಿತು. ಆ ಹೆಸರೆಂದರೆ ಅವಳಿಗೆ ಪ್ರಾಣ.

ಆ ಲೈನ್ ಈಗ ಅಲುಗಾಡುತ್ತಿತ್ತು. ಕಲ್ಲು ತೆಗೆಯುವ ಕಣಿಗಳ ರಸ್ತೆಯ ಒಂದು ತಗ್ಗು ಅಲಾಯ್ ಗಾಲಿಯನ್ನು ಬಳ್ಳೊಳ್ಳಿ ಸುಲಿದಂತೆ ಬಿಡಿಸಿಹಾಕಿತ್ತು. ಮೇಲಿದ್ದ ತತ್ತಿಗಳ ಗತಿ ಕೇಳಲೇಬೇಡಿ.

"ಅಕ್ಕಾರ, ಇದರ ಜೀವ ಹೋಗೇತ್ರಿ," ಎಂದರು ಕುಬೇರಪ್ಪ. "ವೆಲ್ಡಿಂಗ್ ಮಾಡಿಸಿದ್ರ ಒಂದಿಷ್ಟು ದಿನ ನಡೀತೈತಿ. ಯಾವ ತಗ್ಗಿನ್ಯಾಗ ಮತ್ತ ಕೈ ಕೊಡತೈತೋ ದೇವರಿಗೇ ಗೊತ್ತು. ಕಂಪನೀದು ಹೊಸಾದು ಹಾಕಸ್ರಿ."

ಕಂಪನಿಯದರ ದರ ಕೇಳಿ ಫಕ್ಕೀರವ್ವ ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು. ಕಳಕಪ್ಪನ ಕಣ್ಣು ಮಾತ್ರ ಕಪಾಟಿನ ಕೆಂಪು ಪಟ್ಟಿಯವುಗಳ ಮೇಲಿತ್ತು. ಅವು ಯಾರೋ ಹಾಕಿ ತೆಗೆದವು, ಬಣ್ಣ ಬಳಿದು ಕೂಡಿಸಿದ್ದರು, ದರ ಕೈಗೆಟುಕುವಂತಿತ್ತು.

"ಏ ಫಕೀರಿ, ಇದನ್ನ ನೋಡ. ಗಾಡಿಗೆ ಹಾಕಿದ್ರ ಊರ ಮಂದಿ ಹೊಳ್ಳಿ ನೋಡಬೇಕು ನೋಡ!"

"ಊರ ಮಂದಿ ನೋಡಲಿ ಅಂತ ಹಾಕಸೂದಲ್ರೀ, ತತ್ತಿ ಉಳೀಲಿ ಅಂತ ಹಾಕಸೂದು," ಎಂದಳು ಅವಳು. "ಬೆಳ್ಳಗಿರೂದೆಲ್ಲ ಹಾಲಲ್ಲ." ಆಮೇಲೆ ತಲೆ ಎತ್ತಿದಳು. "ಅದೇನ್ರಿ ಅಣ್ಣಾರ, ಮ್ಯಾಲೆ ತೂಗಬಿಟ್ಟೀರಲ್ಲ?"

ಅವಳ ಬೆರಳು ನೇರ ನನ್ನ ಕಡೆಗಿತ್ತು.

ಕುಬೇರಪ್ಪ ವ್ಯಾಪಾರಸ್ಥರಾದರೂ ಸುಳ್ಳು ಹೇಳುವವರಲ್ಲ. "ಅದು ಕಡ್ಡಿ ಗಾಲಿ. ಮುಂದಿಂದು ಹಿಂದಿಂದು ಜೋಡಿ, ಗುಂಬಾ ಸಮೇತ ಐತಿ, ನಿಮ್ಮ ಗಾಡಿಗೆ ಕೂಡತೈತಿ. ಅಗ್ಗ ಐತಿ ಖರೆ, ಉಸಾಬರಿ ಭಾಳ. ಒಳಗ ಟ್ಯೂಬ್ ಹಾಕಬೇಕು, ಪಂಚರ್ ಆದ್ರ ಗಾಲಿ ಬಿಚ್ಚಬೇಕು. ಕೆಸರು ತೊಳೀದಿದ್ರ ತುಕ್ಕು ಹಿಡಿತೈತಿ. ಕಡ್ಡಿ ಸಡ್ಲ ಆಗತಾವು, ಆಗಾಗ ಬಿಗೀಬೇಕು."

"ತಗ್ಗಿಗೆ ಬಿದ್ರ ಒಡೀತೈತೇನ್ರಿ?"

"ಒಡೆಯೂದಿಲ್ಲ, ಸೊಟ್ಟ ಆಗತೈತಿ."

"ಸೊಟ್ಟ ಆಗಿದ್ದು ಸೀದಾ ಆಗತೈತೇನು?"

"ಬಿಗಿಯಾಂವ ಬಲ್ಲಾಂವ ಇದ್ರ ಆಗತೈತಿ."

"ಹಂಗಿದ್ರ ಕೆಳಗ ಇಳಸ್ರಿ."

ಇಳಿಸಿದರು. ಫಕ್ಕೀರವ್ವ ಮೊದಲು ನನ್ನ ಬೆಸುಗೆಯ ಮೇಲೆ ಉಗುರಾಡಿಸಿದಳು, ಉಗುರು ಎಲ್ಲೂ ತಡೆಯಲಿಲ್ಲ. ಕಡ್ಡಿಗಳನ್ನು ಹಿಡಿದು ದಪ್ಪ ನೋಡಿದಳು. ಬಳಿಕ ಕುಬೇರಪ್ಪನವರಿಂದ ನನ್ನನ್ನು ಗೋಡೆಯ ಕಬ್ಬಿಣದ ಅಚ್ಚಿಗೆ ಹಾಕಿಸಿ, ಡಬ್ಬಿಯಿಂದ ಒಂದು ತತ್ತಿ ತೆಗೆದಳು. ಮೆಕ್ಯಾನಿಕರು ಸೀಮೆಸುಣ್ಣ ಹಿಡಿಯುತ್ತಾರಲ್ಲ, ಹಾಗೆ ಅದನ್ನು ನನ್ನ ಅಂಚಿನ ಪಕ್ಕದಲ್ಲೇ, ಕೂದಲೆಳೆ ದೂರದಲ್ಲಿ ಹಿಡಿದಳು. "ತಿರುವ್ರಿ" ಎಂದಳು.

"ಅಲ್ರೀ ಅಕ್ಕಾರ, ಸೀಮೆಸುಣ್ಣ ಕೊಡ್ತೀನಿ…"

"ಸೀಮೆಸುಣ್ಣ ಹೇರಾಕ ತಗೊಂಡ ಹೊಂಟಿಲ್ರಿ ಇದನ್ನ. ತತ್ತಿ ಹೇರೂದು. ತತ್ತೀನ ಹೇಳಲಿ."

ತಿರುಗಿಸಿದರು. ಅರ್ಧ ಸುತ್ತು ಚೆಂದ ಹೋದೆ. ಲುಧಿಯಾನದವನು ಊಟಕ್ಕೆ ಎದ್ದು ಹೋದ ಜಾಗ ಬಂತು ನೋಡಿ, ಟಪ್! ತತ್ತಿ ಒಡೆದು ಲೋಳೆ ಕುಬೇರಪ್ಪನವರ ಬಿಳಿ ಅಂಗಿಯ ಮೇಲೆ. ಕಳಕಪ್ಪ ನಕ್ಕುಬಿಟ್ಟ. ನನಗೆ ನೆಲ ಬಿರಿದು ಒಳಗೆ ಹೋಗುವಷ್ಟು ನಾಚಿಕೆಯಾಯಿತು. ಮತ್ತೆ ಕೊಕ್ಕೆಯೇ ಗತಿ ಎಂದುಕೊಂಡೆ.

ಫಕ್ಕೀರವ್ವ ಕೈ ಒರೆಸಿಕೊಂಡು ಕೇಳಿದಳು: "ಬಿಗಿಯಾಂವ ಬಲ್ಲಾಂವ ಎಲ್ಲಿ ಅದಾನ್ರಿ?"

ಅವನು ಅಂಗಡಿಯ ಕಟ್ಟೆಯ ಮೇಲೇ ಇದ್ದ, ದಾವಲಸಾಬ. ಗೋಣಿಚೀಲದ ಮೇಲೆ ಕುಳಿತು ಗಾಲಿ ಕಟ್ಟುವುದೇ ಅವನ ಕಸುಬು. ನನ್ನನ್ನು ಮಡಿಲಿಗೆ ತೆಗೆದುಕೊಂಡು, ಒಂದೊಂದೇ ಕಡ್ಡಿಯ ಟೋಪಿಗೆ, ಅಂದರೆ ತುದಿಯ ನಟ್ಟಿಗೆ, ಪಾನು ಎಂಬ ಸ್ಪ್ಯಾನರ್ ಹಾಕಿ, ಇಲ್ಲಿ ಕಾಲು ಸುತ್ತು ಬಿಗಿ, ಅಲ್ಲಿ ಕಾಲು ಸುತ್ತು ಸಡಿಲ. ಬೈಯಲಿಲ್ಲ, ಬಡಿಯಲಿಲ್ಲ. ಅಷ್ಟು ದಿನ ಒಬ್ಬರ ಮುಖ ಒಬ್ಬರು ನೋಡದಿದ್ದ ನನ್ನ ಕಡ್ಡಿಗಳು ಮೊದಲ ಸಲ ಕೂಡಿ ಜಗ್ಗಿದವು. ಹುಟ್ಟಿದ್ದು ಲುಧಿಯಾನದಲ್ಲಾದರೂ ನಾನು ಗಾಲಿಯಾದದ್ದು ಆ ಗೋಣಿಚೀಲದ ಮೇಲೆ. ಎರಡನೆಯ ತತ್ತಿ ಹಿಡಿದರು. ತಿರುಗಿದೆ, ತಿರುಗಿದೆ, ಗಾಳಿ ಮಾತ್ರ ತಾಗಿತು. ಫಕ್ಕೀರವ್ವ ಆ ತತ್ತಿಯನ್ನು ದಾವಲಸಾಬನ ಕೈಗೇ ಇಟ್ಟು, "ಇವನ್ನ ಕಟ್ಟಿಕೊಡ್ರಿ" ಎಂದಳು.

"ತಂಗೀ, ಹೊಸಾ ಕಡ್ಡಿ ಹೊಸಾ ಸೊಸಿ ಇದ್ದಂಗ," ಎಂದ ದಾವಲಸಾಬ. "ಮನಿಗೆ ಹೊಂದಾಕ ಟೈಮ್ ಬೇಕು. ಹದಿನೈದು ದಿನಕ್ಕ ಒಮ್ಮೆ ತಗೊಂಡ ಬಾ, ಬಿಗದ ಕೊಡ್ತೀನಿ. ಮರೀಬ್ಯಾಡ."

ಗಜೇಂದ್ರಗಡದಲ್ಲಿ ನನಗೆ ಅರಿಶಿನ ಕುಂಕುಮ ಹಚ್ಚಿದರು, ನಿಂಬೆಹಣ್ಣು ತುಳಿಸಿದರು. ಓಣಿಯವರು ಬಂದು "ಅಲಾಯ್ ತಗದು ಕಡ್ಡಿ ಹಾಕಸ್ಯಾರ, ಮಂದಿ ಮುಂದ ಹೊಂಟ್ರ ಇವರು ಹಿಂದ ಹೊಂಟಾರ" ಎಂದು ನಕ್ಕರು. ನಗಲಿ ಬಿಡಿ. ಮರುದಿನ ಬೆಳಿಗ್ಗೆ ಗುಡ್ಡದ ರಸ್ತೆಯಲ್ಲಿ ಮೊದಲ ತಗ್ಗು ಬಂತು. ಅಲಾಯ್ ಇದ್ದಿದ್ದರೆ ಎದೆ ಸೆಟೆದು ಹೊಡೆತ ತಿನ್ನುತ್ತಿತ್ತು. ನಾನು ಒಂದಿಷ್ಟು ಬಾಗಿದೆ, ಮೂವತ್ತಾರು ಕಡ್ಡಿಗೂ ಪೆಟ್ಟು ಹಂಚಿದೆ, ಮತ್ತೆ ಎದ್ದೆ. ಮೇಲಿದ್ದ ತತ್ತಿಗಳಿಗೆ ಸುದ್ದಿಯೇ ಹೋಗಲಿಲ್ಲ. ಫಕ್ಕೀರವ್ವ ಹ್ಯಾಂಡಲ್ ಹಿಡಿದುಕೊಂಡೇ "ಭೇಷ್ ನನ ರಾಜಾ!" ಎಂದಳು. ಲೋಕವೆಲ್ಲ ಡುಪ್ಲಿಕೇಟ್ ಎಂದವನನ್ನು ಒಬ್ಬಳು ರಾಜಾ ಎಂದಳು. ಅವತ್ತಿನಿಂದ ನಾನು ಅವಳವನು.

ಕೆಳಗಿನಿಂದ ನಾನು ಅವಳನ್ನು ನೋಡಿದ್ದು ಪಾದಗಳಲ್ಲಿ. ಹವಾಯಿ ಚಪ್ಪಲಿ, ಸವೆದ ಹಿಮ್ಮಡಿ, ಬ್ರೇಕಿನ ಮೇಲೆ ಹೂವಿಟ್ಟಂತೆ ಇಡುವ ಬಲಗಾಲು. ಗುಡ್ಡದ ಹಳ್ಳಿಗಳಲ್ಲಿ ಗಾಡಿ ನಿಂತರೆ ಸುತ್ತ ಹತ್ತಾರು ಪಾದಗಳು ನೆರೆಯುತ್ತಿದ್ದವು. ಬಾಣಂತಿಗೆ ತತ್ತಿ, ಪೈಲ್ವಾನನಿಗೆ ತತ್ತಿ, ಅಂಗನವಾಡಿಗೆ ತತ್ತಿ. "ಫಕ್ಕೀರವ್ವ ಬಂದ್ಳು" ಎಂಬ ಕೂಗು ನನಗಿಂತ ಮುಂದೆ ಓಡುತ್ತಿತ್ತು.

ಅಷ್ಟರಲ್ಲಿ ಶ್ರಾವಣ ಬಂತು. ಶ್ರಾವಣದಲ್ಲಿ ನಮ್ಮ ಕಡೆ ಅರ್ಧ ಊರು ತತ್ತಿ ಮುಟ್ಟುವುದಿಲ್ಲ. ಶ್ರಾವಣ ಮುಗಿದದ್ದೇ ತಡ, ತಿಂಗಳಿಡೀ ಬಾಯಿ ಕಟ್ಟಿದವರೆಲ್ಲ ಒಮ್ಮೆಲೇ ತತ್ತಿ ಎನ್ನತೊಡಗಿದರು. ಫಕ್ಕೀರವ್ವನಿಗೆ ಉಸಿರಾಡಲೂ ಬಿಡುವಿಲ್ಲ, ಇನ್ನು ಗದಗಿಗೆ ಹೋಗುವುದೆಲ್ಲಿ? ನನ್ನ ಕಡ್ಡಿಗಳು ಸಡಿಲಾಗಿ ಕಿಚಿಕಿಚಿ ಎನ್ನುತ್ತಿದ್ದವು. ಅದನ್ನು ಕೇಳಿದವನು ಕಳಕಪ್ಪ.

ಪಾಪ, ಹೆಂಡತಿಯ ಮೇಲಿನ ಪ್ರೀತಿಗೆ ಮಾಡಿದ. ಆ ಮಾತನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಅವಳು ಹೆಂಗಸರ ಸಂಘದ ಸಭೆಗೆ ಹೋದ ಒಂದು ಸಂಜೆ, ಅವನು ಪಾನು ತಂದು ನನ್ನ ಮುಂದೆ ಕುಳಿತ. ಒಂದು ಕಡ್ಡಿಗೆ ತಬಲಾ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕಿವಿಗೊಟ್ಟ. ಟಿಣ್. ಇನ್ನೊಂದಕ್ಕೆ ಬಡಿದ. ಟೊಣ್. ಅವನ ಮುಖ ಅರಳಿತು. ತಬಲಾದ ಶ್ರುತಿ ಕೂಡಿಸುವುದು ಹೀಗೇ ಅಲ್ಲವೇ? ಸುತ್ತಲೂ ತೊಗಲ ಬಾರುಗಳ ನಡುವೆ ಹದಿನಾರು ಮನೆ, ಹದಿನಾರೂ ಒಂದೇ ಸೂರು, ಅಂದರೆ ಒಂದೇ ಸ್ವರ, ಹೇಳಬೇಕು. ಒಂದು ಮನೆ ಇಳಿದರೂ ತಬಲಾ ತಬಲಾ ಅಲ್ಲ. "ಇಷ್ಟ ಏನು!" ಎಂದು ತನಗೆ ತಾನೇ ಹೇಳಿಕೊಂಡು, ಹಾರ್ಮೋನಿಯಂನ ಕರಿ ಎರಡರ ಸೂರು ಗುನುಗುತ್ತ, ನನ್ನ ಮೂವತ್ತಾರೂ ಕಡ್ಡಿಗಳನ್ನು ಒಂದೇ ಸೂರಿಗೆ ತಂದು ನಿಲ್ಲಿಸಿದ. ಆಮೇಲೆ ಸುತ್ತಲೂ ಸುತ್ತಿಗೆ ಆಡಿಸಿದರೆ ಎಂಥ ನಾದ! ಅವನು ಕಣ್ಣು ಮುಚ್ಚಿ ತಲೆದೂಗಿದ.

ನನ್ನ ಸೊಂಟ ಮಾತ್ರ ಹೊರಳಿಹೋಗಿತ್ತು. ಹಿಂದಿನ ಗಾಲಿಗೆ ಒಂದು ಪಕ್ಕ ಚೈನಿನ ಹಲ್ಲುಚಕ್ರ ಇರುತ್ತದೆ. ಆ ಬದಿಯ ಕಡ್ಡಿಗಳು ನೆಟ್ಟಗೆ ನಿಂತು ಹೆಚ್ಚು ಜಗ್ಗಬೇಕು, ಬ್ರೇಕಿನ ಬದಿಯವು ಓರೆಯಾಗಿ ನಿಂತು ಕಡಿಮೆ ಜಗ್ಗಬೇಕು. ಎರಡೂ ಕಡೆ ಒಂದೇ ಬಿಗಿ ಮಾಡಿದರೆ ಬಳೆ ಬ್ರೇಕಿನ ಕಡೆ ವಾಲುತ್ತದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಅಂತಾರಲ್ಲ, ಹಾಗಾಯಿತು.

ಮರುದಿನ ಮುಂದಿನ ಗಾಲಿ ಒಂದು ದಾರಿ, ನಾನು ಒಂದು ದಾರಿ. ಗಾಡಿ ಏಡಿಯ ಹಾಗೆ ಅಡ್ಡಡ್ಡ ನಡೆಯಿತು. ಹ್ಯಾಂಡಲ್ ಜಗ್ಗಿ ಜಗ್ಗಿ ಫಕ್ಕೀರವ್ವನ ರಟ್ಟೆ ಸೋತವು. ಗುಡ್ಡದ ತಿರುವಿನಲ್ಲಿ ಟ್ರೇಗಳ ಗೋಪುರ ಒಂದು ಕಡೆ ಕೂತು, ಸಾಲು ಸಾಲೇ ಒಡೆದು, ಹಳದಿ ಲೋಳೆ ನನ್ನ ಮೇಲೆ ಇಳಿಯಿತು. ನನ್ನ ಜೀವಮಾನದಲ್ಲಿ ಅಷ್ಟು ಸಂಕಟ ಇನ್ನೊಮ್ಮೆ ಆಗಿಲ್ಲ.

ತುಳಜಾಸಾ ಸಾವಕಾರರು ಕೆಟ್ಟವರೇನಲ್ಲ, ಆದರೆ ವ್ಯಾಪಾರ ವ್ಯಾಪಾರವೇ. ಡಿಪೋಗೆ ಮರಳಿ ತಂದ ಟ್ರೇ ಎತ್ತಿ ತಳ ಮುಟ್ಟಿ ನೋಡಿದರು. ತಳ ಹಸಿ ಇದ್ದರೆ ಒಳಗೆ ಒಡೆದಿದೆ ಎಂದು ಅರ್ಥ. ಮುಟ್ಟಿದ್ದೆಲ್ಲ ಹಸಿ.

"ಫಕ್ಕೀರವ್ವಾ, ಸಿಟ್ಟಾಗಬ್ಯಾಡ. ಮದಲ ಗಾಲಿ ಒಡೀತು ಅಂದಿ, ಕೇಳಿದೆ. ಈಗ ಹೊಸಾ ಗಾಲಿ ಹಾಕಿಸೀದಿ, ಮತ್ತ ಇದ ಹಣೇಬರಹ. ನಮ್ಮೂರ ವೀರೇಶ ಟಂಟಂ ಆಟೋ ತಗೊಂಡಾನ. ಗುಡ್ಡದ ಲೈನ್ ನನಗ ಕೊಡ್ರಿ ಅಂತ ಬೆನ್ನ ಹತ್ಯಾನ. ಮೂರು ಗಾಲಿ, ಮ್ಯಾಲೆ ಮಾಳಿಗಿ. ಏನ್ ಹೇಳಲಿ ಅಂವಗ?"

"ಸಾವಕಾರ್ರ, ಆ ಲೈನ್ ಹೋದ್ರ ನಾ ಮತ್ತ ಕಂಡಕಿ ಸುತ್ತಾಕ ಕೂಡಬೇಕ್ರಿ," ಎಂದಳು ಫಕ್ಕೀರವ್ವ. "ನಾ ಕೂಡೂದಿಲ್ಲ. ಆ ಗುಡ್ಡ ಯಾರೂ ಏರದಾಗ ಏರಿದಾಕಿ ನಾನು. ಬರೂ ಸೋಮವಾರ ಅಂವನೂ ಮಾಲ್ ಹೇರಲಿ, ನಾನೂ ಹೇರತೀನಿ. ಒಂದ ದಾರಿ ಹಿಡಿದು ಗುಡ್ಡದ ಮ್ಯಾಲಿನ ಊರು ಮುಟ್ಟೂಣು. ನೀವ ಬಂದು ಟ್ರೇ ತಳಾ ಮುಟ್ಟಿ ನೋಡ್ರಿ. ಯಾರ ಮಾಲ್ ಒಣಗಿರತೈತೋ ಅವರದು ಲೈನ್."

ಸಾವಕಾರರಿಗೆ ಇದು ಮೋಜೆನಿಸಿತು. "ಆತು" ಎಂದರು.

ಮನೆಗೆ ಬಂದವಳು ನನ್ನ ಮುಂದೆ ಕುಕ್ಕರಿಸಿ ಕುಳಿತಳು. ಎಲ್ಲಿ ಕೆಟ್ಟಿತೆಂದು ಕಡ್ಡಿಗಳಿಗೆ ಪಾನಿನಿಂದ ಬಡಿಯುತ್ತ ಹೋದಳು. ಟಿಣ್, ಟಿಣ್, ಟಿಣ್, ಟಿಣ್. ಸುತ್ತಲೂ ಒಂದೇ ಸೂರು. ಅವಳ ಕೈ ನಿಂತಿತು. ಭಜನೆಯವರ ಮನೆಯಲ್ಲಿ ಬಾಳ್ವೆ ಮಾಡಿದವಳಿಗೆ ಇದು ಯಾರ ಕೈಕೆಲಸ ಎಂದು ಬೇರೆ ಹೇಳಬೇಕೇ?

"ರೀ! ಇಲ್ಲಿ ಬರ್ರಿ. ಗಾಲಿಗೆ ಭಜನಿ ಕಲಿಸಿದವರು ಯಾರು?"

ಕಳಕಪ್ಪ ಬಾಗಿಲಲ್ಲಿ ನಿಂತ. ನಾನು ಕಂಡದ್ದು ಅವನ ಕಾಲ್ಬೆರಳುಗಳು ನೆಲ ಕೆರೆಯುವುದನ್ನು. "ಒಳ್ಳೇದಾಗಲಿ ಅಂತ ಮಾಡಿದ್ನೆ ಫಕೀರಿ. ಸೂರು ಕೂಡೇತಿ ಅಂದ್ಮ್ಯಾಲೆ ಗಾಲೀನೂ ಕೂಡತೈತಿ ಅನ್ಕೊಂಡೆ."

ಅವಳು ಬೈದ ಬೈಗುಳ ಇಲ್ಲಿ ಹೇಳುವಂಥವಲ್ಲ. ತಬಲಾ, ಡಗ್ಗಾ, ಭಜನಾ ಮೇಳ, ಮೇಳದವರ ಮನೆತನ, ಯಾವುದನ್ನೂ ಬಿಡಲಿಲ್ಲ. ಬೈದು ಬೈದು ಕೊನೆಗೆ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಕಳಕಪ್ಪ ಪಕ್ಕದಲ್ಲಿ ಕುಳಿತು, "ಅಳಬ್ಯಾಡ. ಕೆಡಿಸಿದಾಂವ ನಾನು. ಸೀದಾ ಮಾಡೂದು ಕಲಕೊಂಡ ಬರ್ತೀನಿ, ಇಲ್ಲಂದ್ರ ಇನ್ನ ತಬಲಾ ಮುಟ್ಟೂದಿಲ್ಲ" ಎಂದ. ಅವನು ತಬಲಾದ ಮೇಲೆ ಆಣೆ ಹಾಕಿದ್ದನ್ನು ಅವಳೂ ಅದುವರೆಗೆ ಕೇಳಿರಲಿಲ್ಲ.

ಮರುದಿನ ಅವನು ಮಗ್ಗಕ್ಕೆ ರಜೆ ಹಾಕಿ ನನ್ನನ್ನು ಹೊತ್ತು ಗದಗಿಗೆ ಹೋದ. ದಾವಲಸಾಬ ನನ್ನನ್ನು ಅಚ್ಚಿಗೆ ಹಾಕಿ ಒಂದು ಸುತ್ತು ತಿರುಗಿಸಿದ್ದೇ ಗೋಣಿಚೀಲದ ಮೇಲೆ ಬಿದ್ದು ಬಿದ್ದು ನಕ್ಕ. ಕಣ್ಣೀರು ಒರೆಸಿಕೊಂಡು, "ಕಳಕಪ್ಪಾ, ಕಿವಿ ಚಲೋ ಐತಿ ನಿಂದು, ತಿಳಿವಳಿಕಿ ತಪ್ಪೇತಿ. ಚೈನಿನ ಕಡೆದು ಏರಿಸಿದ ಸೂರು, ಬ್ರೇಕಿನ ಕಡೆದು ಇಳಿಸಿದ ಸೂರು. ಎರಡೂ ಬ್ಯಾರೆ ಇದ್ರನ ಬಳಿ ನಟ್ಟನಡುವ ನಿಂದ್ರತೈತಿ" ಎಂದ.

ಕಳಕಪ್ಪ ತೊಡೆ ತಟ್ಟಿದ. "ಹಾಂ! ಬಲಗೈಗೆ ತಬಲಾ, ಎಡಗೈಗೆ ಡಗ್ಗಾ! ಅದನ್ನ ಮದಲ ಹೇಳಬಾರದನ ಕಾಕಾ?"

"ನೀ ಮದಲ ಕೇಳಬಾರದನ?"

ಅವತ್ತು ಪಾನು ಕಳಕಪ್ಪನ ಕೈಯಲ್ಲಿತ್ತು, ದಾವಲಸಾಬನ ಕೈಯಲ್ಲಿ ಚಹಾದ ಲೋಟ. ಎಡವಿದ, ತಿದ್ದಿದ, ಮತ್ತೆ ಎಡವಿದ. ಬೆವರು ಹನಿ ಹನಿಯಾಗಿ ನನ್ನ ಮೇಲೆ ಬಿತ್ತು. ಸಂಜೆಯಾಗುವಷ್ಟರಲ್ಲಿ ನನ್ನ ಒಂದು ಬದಿ ಏರಿದ ದನಿಯಲ್ಲಿ, ಇನ್ನೊಂದು ಬದಿ ಇಳಿದ ದನಿಯಲ್ಲಿ ಹಾಡಿತು. ನಡುವೆ ನಾನು ಗೆರೆ ಎಳೆದಂತೆ ನೆಟ್ಟಗೆ ಓಡಿದೆ. ದಾವಲಸಾಬ ಲೋಟ ಕೆಳಗಿಟ್ಟು, "ನಿನ್ನ ಕಿವಿ ನನಗಿದ್ದಿದ್ರ ನಾ ಗಾಲಿ ನೋಡಿ ನೋಡಿ ಕಣ್ಣು ಮಂಜ ಮಾಡಿಕೋತಿದ್ದಿಲ್ಲ ಮಾರಾಯಾ" ಎಂದ. ಕಳಕಪ್ಪ ಬಸ್ಸಿನಲ್ಲಿ ನನ್ನ ಟಿಕೆಟ್ಟನ್ನು ತಾನೇ ಕೇಳಿ ತೆಗೆದುಕೊಂಡ.

ಸೋಮವಾರ ಬಂತು. ಡಿಪೋದ ಮುಂದೆ ಅರ್ಧ ಊರೇ ನಿಂತಿತ್ತು. ವೀರೇಶನ ಟಂಟಂಗೆ ಹೂವಿನ ಹಾರ, ಒಳಗೆ ಹಾಡು, ಅವನ ಪಕ್ಕದಲ್ಲಿ ಖುದ್ದು ಸಾವಕಾರರು. ಫಕ್ಕೀರವ್ವನ ಬೆನ್ನ ಹಿಂದೆ ಅವಳಿಗಿಂತ ಎತ್ತರದ ಟ್ರೇಗಳ ಗೋಪುರ. ಕಳಕಪ್ಪ ನನ್ನನ್ನು ಕೊನೆಯ ಸಲ ಬಡಿದು ಕೇಳಿದ, ಅವಳ ಪಾದವನ್ನು ಒಮ್ಮೆ ಮುಟ್ಟಿ ಸರಿದು ನಿಂತ. "ಅಯ್ಯ, ಗಂಡಸು ಹೆಂಡರ ಕಾಲು ಮುಟ್ಟಿದ" ಎಂದು ಯಾರೋ ನಕ್ಕ. ಫಕ್ಕೀರವ್ವ ಅವನತ್ತ ನೋಡಿದ ನೋಟಕ್ಕೆ ನಗೆ ಅಲ್ಲೇ ಆರಿತು.

ಡಾಂಬರು ಇರುವತನಕ ಟಂಟಂ ಮುಂದೆ. ಹಾಡು ಕೇಳಿಸದಷ್ಟು ದೂರ ಹೋಯಿತು. ಫಕ್ಕೀರವ್ವ ಮಾತ್ರ ಬಲಗಾಲು ಹಗುರ ಇಟ್ಟು ತನ್ನ ಪಾಡಿಗೆ ಹೊರಟಿದ್ದಳು. ಡಾಂಬರು ಮುಗಿಯಿತು. ಕಲ್ಲಿನ ಕಣಿಗಳ ಲಾರಿಗಳು ಉತ್ತು ಹಾಕಿದ ರಸ್ತೆ ಶುರುವಾಯಿತು. ಅಲ್ಲಿ ನೋಡಿ ಗಮ್ಮತ್ತು! ಎರಡು ಗಾಲಿಯವರಿಗೆ ತಗ್ಗುಗಳ ನಡುವೆ ಒಂದು ಅಂಗೈಯಗಲದ ಏಣು ಸಿಕ್ಕರೆ ಸಾಕು. ಮೂರು ಗಾಲಿಯವನು ಒಂದನ್ನು ತಪ್ಪಿಸಿದರೆ ಇನ್ನೊಂದು ಇಳಿಯುತ್ತದೆ. ಪುಟ್ಟ ಗಾಲಿಗಳ ಮೇಲೆ ಟಂಟಂ ಬೀಸುವ ಕಲ್ಲಿನ ಹಾಗೆ ಗಡಗಡ ನಡುಗುತ್ತಿತ್ತು. ಸಾವಕಾರರ ಟೋಪಿ ಎರಡು ಸಲ ಮಾಳಿಗೆಗೆ ಬಡಿಯಿತು.

ನಾವು ಅವರನ್ನು ದಾಟಿದೆವು. ದಾಟಿದ ಖುಷಿಗೆ ನಾನು ಕಣ್ಣು ಮುಚ್ಚಿದೆನೋ ಏನೋ, ನೀರು ತುಂಬಿದ ತಗ್ಗಿನಲ್ಲಿ ಅಡಗಿದ್ದ ಒಂದು ಚೂಪುಗಲ್ಲು ಸೀದಾ ನನ್ನ ಅಂಚಿಗೆ ಬಡಿಯಿತು. ಠಣ್! ಒಂದು ಕಡ್ಡಿ ಹರಿಯಿತು.

ಫಕ್ಕೀರವ್ವ ಗಾಡಿ ನಿಲ್ಲಿಸಿದಳು. ಒಂದು ಕೈಯಿಂದ ಗೋಪುರ ಹಿಡಿದು ಬಗ್ಗಿ ನೋಡಿದಳು. ಹಿಂದೆ ಟಂಟಂನ ಹಾಡು ಹತ್ತಿರವಾಗುತ್ತಿತ್ತು. ಅವಳು ಗಾಬರಿಯಾಗಲಿಲ್ಲ. ಹರಿದ ಕಡ್ಡಿಯನ್ನು ಎಲ್ಲೂ ಬಡಿಯದಂತೆ ಪಕ್ಕದ ಕಡ್ಡಿಗೆ ಬಳ್ಳಿ ಹಬ್ಬಿಸಿದಂತೆ ಸುತ್ತಿದಳು. ಆಮೇಲೆ ನನ್ನ ಬಳೆಯ ಮೇಲೆ ಅಂಗೈ ಇಟ್ಟು, "ಇನ್ನೊಂದ್ ಸ್ವಲ್ಪ ತಡಕೋ ನನ ರಾಜಾ. ಮೂವತ್ತೈದು ಮಂದಿ ಅದೀರಿ, ಒಬ್ಬಾಂವನ ಭಾರ ಹೊರಾಕ ಆಗೂದಿಲ್ಲೇನು?" ಎಂದಳು.

ಆಗೂದಿಲ್ಲ ಅನ್ನುವುದುಂಟೇ! ಉಳಿದ ಕಡ್ಡಿಗಳು ಹಲ್ಲು ಕಚ್ಚಿದವು. ಕಳಕಪ್ಪ ಎರಡು ಸೂರಿನಲ್ಲಿ ಕಟ್ಟಿದ ಬಿಗಿ ಎಲ್ಲೂ ಜಾರಲಿಲ್ಲ. ನಾನು ಒಂಚೂರು ಓಲಾಡಿದೆ ನಿಜ, ಆದರೆ ತೊಟ್ಟಿಲು ತೂಗಿದಷ್ಟು. ಕೊನೆಯ ಏರು ಏರಿ, ಗುಡ್ಡದ ಮೇಲಿನ ಊರಿನ ಬಸವಣ್ಣನ ಕಟ್ಟೆಯ ಮುಂದೆ ನಿಂತಾಗ ಹೆಂಗಸರು ಮಕ್ಕಳು ಓಡಿ ಬಂದು ಸುತ್ತುವರಿದರು. ಟಂಟಂ ಆಮೇಲೆ ಬಂತು. ಹಾಡು ನಿಂತುಹೋಗಿತ್ತು.

ಸಾವಕಾರರು ಸೊಂಟ ಹಿಡಿದುಕೊಂಡು ಇಳಿದರು. ಮೊದಲು ಟಂಟಂನ ಟ್ರೇ ಎತ್ತಿಸಿದರು. ತಳ ಹಸಿ. ಎರಡನೆಯದು ಹಸಿ. ಮೂರನೆಯದರಿಂದ ಲೋಳೆ ಅವರ ಧೋತರದ ಮೇಲೇ ಇಳಿಯಿತು. "ರಸ್ತೆ ಸರಿ ಇಲ್ರೀ ಸಾವಕಾರ್ರ" ಎಂದ ವೀರೇಶ. "ಕುಣೀಲಾರದಾಕಿಗೆ ನೆಲಾ ಡೊಂಕು" ಎಂದಳು ಕಟ್ಟೆಯ ಮೇಲಿನ ಒಬ್ಬ ಮುದುಕಿ.

ಬಳಿಕ ಫಕ್ಕೀರವ್ವನ ಗೋಪುರ. ಒಂದೊಂದೇ ಟ್ರೇ ಇಳಿಸಿ, ತಳ ಮುಟ್ಟಿ, ಮುಟ್ಟಿದ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಒಣ. ಒಣ. ಒಣ. ಎಲ್ಲಕ್ಕಿಂತ ಕೆಳಗಿನ ಟ್ರೇ, ಪೆಟ್ಟು ಮೊದಲು ತಾಗುವುದು ಅದಕ್ಕೇ. ಸಾವಕಾರರು ಬಗ್ಗಿ ಅಂಗೈಯನ್ನೇ ಇಟ್ಟರು. ಎತ್ತಿ ನೋಡಿದರು. ಅಂಗೈಗೆ ಧೂಳು ಹತ್ತಿತ್ತು, ಹಸಿ ಇಲ್ಲ.

"ಫಕ್ಕೀರವ್ವಾ," ಎಂದರು ಅವರು, "ಲೈನ್ ನಿಂದವಾ. ನಾ ಇರೂತನಕ ನಿಂದ. ಹೊಳ್ಳಿ ಹೋಗಬೇಕಾದ್ರ ಮಾತ್ರ ನನ್ನ ನಿನ್ನ ಗಾಡಿ ಮ್ಯಾಲೆ ಕರಕೊಂಡ ಹೋಗು, ಆ ಟಂಟಂನ್ಯಾಗ ನಾ ಒಲ್ಲೆ."

ಏನು ಕೇಕೆ, ಏನು ಸಿಳ್ಳೆ! ಫಕ್ಕೀರವ್ವ ನಗುತ್ತಿದ್ದಳು, ಅಳುತ್ತಿದ್ದಳು. ವೀರೇಶನೂ ಕೊನೆಗೆ ನಕ್ಕು, "ಅಕ್ಕಾ, ಡಾಂಬರಿನ ಊರಷ್ಟ ನನಗ ಬಿಡು, ಸಾಕು" ಎಂದ. ಇಳಿಜಾರಿನಲ್ಲಿ ಹಿಂದೆ ಸಾವಕಾರರನ್ನು ಕೂಡಿಸಿಕೊಂಡು ಬಂದೆವು. ಅಷ್ಟೂ ತತ್ತಿಗಳಿಗಿಂತ ಅವರೇ ಭಾರವಿದ್ದರು. ಆದರೂ ಅವತ್ತು ನನಗೆ ಯಾವ ಭಾರವೂ ಭಾರವಾಗಲಿಲ್ಲ.

ಅಲ್ಲಿಂದ ಎಷ್ಟೋ ಮಳೆ ಬೇಸಿಗೆ ದಾಟಿದವು. ಎಷ್ಟು ಸಲ ಸೊಟ್ಟಾದೆನೋ, ಎಷ್ಟು ಸಲ ಕಳಕಪ್ಪ ಸೀದಾ ಮಾಡಿದನೋ ನನಗೆ ನೆನಪಿಲ್ಲ. ಮಗ್ಗ ನಿಂತ ಮೇಲೆ ಅವನು ಮನೆಯ ಮುಂದೆಯೇ ಗಾಲಿ ಬಿಗಿಯಲು ಕುಳಿತ. ಗುಡ್ಡದವರೆಲ್ಲ ಅವನ ಹತ್ತಿರವೇ ಬರುತ್ತಾರೆ. ಮೋಟರ್‌ಸೈಕಲ್ಲು ಮುಪ್ಪಾಗಿ ಹೋಯಿತು, ಫಕ್ಕೀರವ್ವ ಸಣ್ಣದೊಂದು ಟೆಂಪೋ ತೆಗೆದುಕೊಂಡಳು. ಗುಡ್ಡದ ಲೈನ್ ಇವತ್ತಿಗೂ ಅವಳದೇ. ನನ್ನ ಕ್ರೋಮ್ ಉದುರಿತು, ಬಳೆ ತುಕ್ಕು ಹಿಡಿಯಿತು. ಈಗ ನಾನು ಹಿತ್ತಿಲಲ್ಲಿ ಕೋಳಿಗೂಡಿನ ಬಾಯಿಗೆ ಬಾಗಿಲು. ಗಾಳಿ ಒಳಗೆ ಹೋಗುತ್ತದೆ, ಬೆಕ್ಕು ಹೋಗುವುದಿಲ್ಲ.

ಮೊನ್ನೆ ಹಳೇ ಕಬ್ಬಿಣ ಕೊಳ್ಳುವವನೊಬ್ಬ ತಳ್ಳುಗಾಡಿ ನೂಕಿಕೊಂಡು ಬಂದ. ಅವನ ಕಣ್ಣು ನನ್ನ ಮೇಲೆ ಬಿತ್ತು. ನನಗೆ ಗೊತ್ತು, ಎಂಥ ಗಾಲಿಗೂ ಒಂದು ದಿನ ಆ ಗಾಡಿ ಬಂದೇ ಬರುತ್ತದೆ. ಸುಮ್ಮನೆ ಕಾದೆ.

"ಯವ್ವಾ, ಆ ಗಾಲಿ ತೂಕಕ್ಕ ಹಾಕ್ತೀಯೇನು?"

ಫಕ್ಕೀರವ್ವ ಕಾಳು ಹಸನು ಮಾಡುತ್ತಿದ್ದಳು. ಕೂದಲು ಹಣ್ಣಾಗಿದೆ, ಬಾಯಿ ಮಾತ್ರ ಹಾಗೇ ಇದೆ.

"ಅದರ ತೂಕ ನಿನ್ನ ತಕ್ಕಡ್ಯಾಗ ಬರೂದಿಲ್ಲೋ ತಮ್ಮಾ. ನಾ ಈ ಊರಾಗ ತಲಿ ಎತ್ತಿ ಅಡ್ಯಾಡೂದು ಅದರ ಮ್ಯಾಲೆ ನಿಂತೈತಿ." ಹೇಳುತ್ತಿದ್ದವಳು ಹಾಗೇ ತಡೆದು, ಅವನ ತಳ್ಳುಗಾಡಿಯ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. "ಅದಿರಲಿ, ನಿನ್ನ ಗಾಡಿ ಎಡಗಡೆ ಗಾಲಿ ಎಷ್ಟು ದಿನದಿಂದ ಹಿಂಗ ಜೋಲಿ ಹೊಡ್ಯಾಕತ್ತೈತಿ?"

"ಭಾಳ ದಿನಾ ಆತವ್ವಾ. ನೂಕಿ ನೂಕಿ ರಟ್ಟಿ ಹೋಗ್ಯಾವು. ಯಾರು ಮಾಡಿಕೊಡ್ತಾರ?"

"ರೀ!" ಎಂದು ಅವಳು ಒಳಗೆ ಕೂಗಿದಳು. "ಸುತ್ತಿಗಿ ಪಾನು ತಗೊಂಡ ಬರ್ರಿ, ಪಾಪ ಮನಶ್ಯಾನ ಗಾಲಿ ಔಟ್ ಆಗೇತಿ."

ಕಳಕಪ್ಪ ಬಂದ. ತಳ್ಳುಗಾಡಿ ಓರೆ ಮಾಡಿ, ಕಡ್ಡಿಗೆ ಬಡಿದು, ಕಿವಿಗೊಟ್ಟ. ಅವಳು ಗಾಲಿ ಹಿಡಿದಳು, ಅವನು ಬಿಗಿದ. ನನ್ನನ್ನು ಒಯ್ಯಲು ಬಂದವನು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದ. ಕತ್ತಲಾಗುವ ಮೊದಲು ಅವನು ಎದ್ದು ಗಾಡಿಗೆ ಕೈ ಹಚ್ಚಿದ, ಅದು ಸದ್ದಿಲ್ಲದೆ ನೆಟ್ಟಗೆ ಹೊರಟಿತು. ಅವನು ತಿರುಗಿ ನೋಡಿ ನಗುತ್ತ ಓಣಿ ದಾಟಿದ. ಫಕ್ಕೀರವ್ವ ಕೋಳಿಗಳನ್ನು ಒಳಗೆ ಬಿಟ್ಟು, ನನ್ನನ್ನು ಗೂಡಿನ ಬಾಯಿಗೆ ಒರಗಿಸಿ, ಕೈ ತೊಳೆಯಲು ಹೋದಳು.